ಕಾಯುವ ಚೀಟಿ

"ಮುಟ್ಟಬೇಡಿ" ಎಂದು ಗುಮಾಸ್ತರು ಹೇಳುವಷ್ಟರಲ್ಲಿ ಹುಡುಕಮ್ಮ ಮುಟ್ಟಿ ಆಗಿತ್ತು.

ಉಯಿಲಿನ ಹಾಳೆಯ ಮೂಲೆಯಲ್ಲಿ ಅಕ್ಕಪಕ್ಕ ಎರಡು ತೂತು. ಸುತ್ತ ತುಕ್ಕಿನ ಕಂದು ಕಲೆ. ಅವಳು ಹಾಳೆಯನ್ನು ಕಿಟಕಿಯ ಕಡೆಗೆ ಎತ್ತಿದಳು. ತೂತಿನಿಂದ ನುಸುಳಿದ ಬೆಳಕು ಮೇಜಿನ ಮೇಲೆ ಎರಡು ಚುಕ್ಕೆಯಾಗಿ ಬಿತ್ತು. ಗುಮಾಸ್ತರು ಕನ್ನಡಕ ಹಣೆಗೇರಿಸಿ ಆ ಚುಕ್ಕೆಗಳನ್ನೇ ನೋಡಿದರು.

"ಗುಂಡುಸೂಜಿ" ಎಂದರು, ಹಾವು ಕಂಡವರ ದನಿಯಲ್ಲಿ.

ಕೋರ್ಟಿನ ಆ ದಾಖಲೆ ಕೋಣೆಯಲ್ಲಿ ಬೆಂಕಿಗಿಂತ ಗುಂಡುಸೂಜಿಗೆ ಹೆಚ್ಚು ಹೆದರುತ್ತಾರೆ. ಬಾಗಿಲಲ್ಲೇ ಒಂದು ಪಿಂಗಾಣಿ ಬಟ್ಟಲಿದೆ. ಪಿನ್ನು, ಕ್ಲಿಪ್ಪು, ಸ್ಟೇಪ್ಲರು, ಇದ್ದಬದ್ದದ್ದೆಲ್ಲ ಅದರಲ್ಲಿ ಹಾಕಿಯೇ ಒಳಗೆ ಬರಬೇಕು. ಒಮ್ಮೆ ವಕೀಲರೊಬ್ಬರು ಗುಂಡಿ ಕಿತ್ತುಹೋದ ಅಂಗಿಗೆ ಪಿನ್ನು ಚುಚ್ಚಿಕೊಂಡು ಬಂದಿದ್ದಕ್ಕೆ ಗುಮಾಸ್ತರು ಅದನ್ನೂ ಬಿಚ್ಚಿಸಿದ್ದರು. ಪಾಪ, ಆ ಮಹಾಶಯರು ಮಧ್ಯಾಹ್ನದವರೆಗೆ ಎದೆಯ ಮೇಲೆ ಕೈಯಿಟ್ಟುಕೊಂಡೇ ಓದಿದರು. ಆದರೆ ಇದು ನಗುವ ವಿಷಯವಲ್ಲ. ಉಯಿಲಿನಲ್ಲಿ ಪಿನ್ನಿನ ಗುರುತು ಇದ್ದರೆ, ಅದರ ಜೊತೆ ಇನ್ನೊಂದು ಕಾಗದ ಇತ್ತು ಎಂದೇ ಅರ್ಥ. ಇದ್ದದ್ದು ಈಗ ಇಲ್ಲವೆಂದರೆ ತೆಗೆದವರು ಯಾರು ಎಂದು ಕೇಳಲೇಬೇಕಾಗುತ್ತದೆ.

ಗುಮಾಸ್ತರು ಕಡತವನ್ನು ಹಿಂದೆ ಮುಂದೆ ಮಗುಚಿದರು. ಎರಡನೆಯ ಕಾಗದ ಇರಲಿಲ್ಲ. ಉಯಿಲು ಕೋರ್ಟಿಗೆ ಬಂದ ದಿನವೇ ಈ ತೂತು ಯಾಕೆ ಅಂತ ಕೇಳಬೇಕಿತ್ತು, ಆಗಿನವರು ನಿದ್ದೆ ಮಾಡುತ್ತಿದ್ದರೋ, ಇಲ್ಲ ಯಾರಾದರೂ ಜೋಗುಳ ಹಾಡಿ ಮಲಗಿಸಿದ್ದರೋ ಎಂದು ಗೊಣಗಿದರು.

ಬೇರೆಯವರ ಅಜ್ಜ ಮುತ್ತಜ್ಜಂದಿರನ್ನು ಹಳೆಯ ಉಯಿಲುಗಳಲ್ಲಿ ಹುಡುಕಿಕೊಟ್ಟು ಹೊಟ್ಟೆ ಹೊರೆಯುವ ಅವಳಿಗೆ ಹುಡುಕಮ್ಮ ಎಂದು ಹೆಸರಿಟ್ಟವರು ಈ ಗುಮಾಸ್ತರೇ. ಅವಳೂ ಈ ಉಯಿಲನ್ನು ಇಷ್ಟು ದಿನ ಓದಿದ್ದು ನಕಲು ಪುಸ್ತಕದಲ್ಲಿ. ಎಲ್ಲರೂ ಓದುವುದು ಅದನ್ನೇ. ಅಸಲು ಬೀರುವಿನಿಂದ ಹೊರಗೆ ಬರುವುದು ಅಪರೂಪ. ನಕಲು ಮಾಡುವವನು ಅಕ್ಷರ ಇಳಿಸಿಕೊಳ್ಳುತ್ತಾನೆ, ತೂತು ಇಳಿಸಿಕೊಳ್ಳುವುದಿಲ್ಲ. ಈ ಬುದ್ಧಿ ಮೊದಲೇ ಬಂದಿದ್ದರೆ ಎಂದು ಅವಳು ತನ್ನನ್ನೇ ಶಪಿಸಿಕೊಂಡಳು, ಯಾಕೆಂದರೆ ಹುಡುಕಲು ಹೇಳಿದವರು ಈಗ ಇಲ್ಲ.

ಗಡಿಯಾರ ರಿಪೇರಿಯ ಆ ಹಿರಿಯರು ಆಸ್ತಿ ಬೇಕೆಂದು ಬಂದವರಲ್ಲ. ಬಟ್ಟೆ ಗಿರಣಿ ಕಟ್ಟಿದ ಅವರ ತಾತ, ಮನೆಬಿಟ್ಟು ಹೋಗಿ ಮದುವೆಯಾದ ಮಗಳನ್ನು, ಎಂದರೆ ಇವರ ತಾಯಿಯನ್ನು, ಸಾಯುವಾಗಲಾದರೂ ನೆನೆದನೇ ಎಂದು ತಿಳಿಯಬೇಕಿತ್ತು. "ನನ್ನಮ್ಮನ ಹೆಸರು ಒಂದು ಸಾಲಲ್ಲಿ ಇದ್ರೆ ಸಾಕು" ಎಂದಿದ್ದರು. ಹೋದ ವಾರ ತಮ್ಮ ಅಂಗಡಿಯಲ್ಲೇ ಏಣಿಯಿಂದ ಬಿದ್ದು ತೀರಿಕೊಂಡರು.

ವಯಸ್ಸಾದವರು, ಕಾಲು ಜಾರಿದೆ ಎಂದು ಪೊಲೀಸರು ಬರೆದುಕೊಂಡು ಹೋದರು. ಗಡಿಯಾರದವರ ಮಗಳು ಒಪ್ಪಲಿಲ್ಲ. ಅಪ್ಪನಿಗೆ ಎತ್ತರಕ್ಕೆ ಹೋದರೆ ತಲೆ ಸುತ್ತುತ್ತಿತ್ತಂತೆ. ಗೋಡೆ ಗಡಿಯಾರ ಇಳಿಸುವವನಿಗೆ ಅದು ನಾಚಿಕೆಯ ಮಾತೆಂದು ಯಾರಿಗೂ ಹೇಳುತ್ತಿರಲಿಲ್ಲವಂತೆ. ಕೆಳಗೆ ಯಾರಾದರೂ ಏಣಿ ಹಿಡಿದುಕೊಂಡರೆ ಮಾತ್ರ ಹತ್ತುವವರು. ಹಾಗಾದರೆ ಆವತ್ತು ಹಿಡಿದುಕೊಂಡವರು ಯಾರು ಎಂದು ಅವಳು ಕೇಳಿದ್ದು ಹುಡುಕಮ್ಮನನ್ನು ಮಾತ್ರ.

ಮೊನ್ನೆ ಆ ಮಗಳ ಮನೆಯ ಬೀಗ ಒಡೆದಿತ್ತು. ಹೋದದ್ದು ಅಪ್ಪನ ಹಳೆಯ ಕಾಗದಗಳು ಮಾತ್ರ. ಅಂದಿನಿಂದ ಹುಡುಕಮ್ಮ ಹುಡುಗಿಯನ್ನು ಸೆರಗಿಗೆ ಕಟ್ಟಿಕೊಂಡಂತೆ ಜೊತೆಯಲ್ಲೇ ಇಟ್ಟುಕೊಂಡು ತಿರುಗುತ್ತಿದ್ದಳು. ಈಗಲೂ ಹುಡುಗಿ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದಳು. ಮನೆತನದ ಆ ಕವಲಿನಲ್ಲಿ ಉಳಿದಿರುವ ಜೀವ ಅದೊಂದೇ. ಅವಳಿಗೇನಾದರೂ ಆದರೆ, ಕಾಣೆಯಾದ ಕಾಗದ ಸಿಕ್ಕರೂ ಅದನ್ನು ಓದಿಸಿ ಕೇಳುವವರು ಯಾರೂ ಇರುವುದಿಲ್ಲ.

ಹುಡುಕಮ್ಮ ಉಯಿಲಿನ ಕೊನೆಗೆ ಬಂದಳು. ಸಾಕ್ಷಿಗಳ ಸಹಿ ಎರಡು. ಮೊದಲನೆಯದು ಮನೆ ಡಾಕ್ಟರದು, ಅವರು ತೀರಿಕೊಂಡು ಯಾವ ಕಾಲವೋ ಆಯಿತು. ಕೆಳಗಿನದು ನರ್ಸಿನದು. ಗಿರಣಿಯ ಯಜಮಾನರ ಕೊನೆಗಾಲದಲ್ಲಿ ಹಾಸಿಗೆಯ ಪಕ್ಕ ಇದ್ದವಳು, ಆಗಿನ್ನೂ ಚಿಕ್ಕ ವಯಸ್ಸಿನ ಹೆಣ್ಣು. ಗುಂಡಗಿನ ಅಕ್ಷರ, ಆದರೆ ಅಕ್ಷರದ ಮೇಲೆಲ್ಲ ಬರೆದ ದಿಕ್ಕಿನಲ್ಲೇ ಎಳೆದ ನೀಲಿ ಮಸಿ.

"ಶಾಯಿ ಒಣಗೋವರೆಗೂ ತಾಳ್ಮೆ ಇಲ್ಲ ನೋಡಿ ಇವರಿಗೆ" ಎಂದು ಗುಮಾಸ್ತರು ತಮ್ಮ ಎಡ ಅಂಗೈಯ ಅಂಚನ್ನು ಹಳೆಯ ಪಂಚೆ ಹರಿದು ಮಾಡಿಕೊಂಡಿದ್ದ ಕರವಸ್ತ್ರಕ್ಕೆ ಒರೆಸಿದರು. ಅಲ್ಲಿ ಸದಾ ಶಾಯಿ. ಸೋಪಿಗೂ ಹೋಗದು.

ಅವಸರದಲ್ಲಿ ಸಹಿ ಹಾಕಿಸಿದ್ದಾರೆ, ಸಹಿ ಮಾಡಿದವಳು ಹೆದರಿದ್ದಾಳೆ ಎಂದು ಹುಡುಕಮ್ಮ ಅಂದುಕೊಂಡಳು. ಅದನ್ನೇ ಆ ನರ್ಸಿನ ಬಾಯಿಂದ ಕೇಳಬಹುದು. ದೇವರು ದೊಡ್ಡವನು, ಆಕೆ ಬದುಕಿದ್ದಾಳೆ.

ಅದೂ ಗೊತ್ತಾದದ್ದು ಕಾಯುವ ಚೀಟಿಯಿಂದ. ಯಾರದಾದರೂ ಉಯಿಲು ಇನ್ನೂ ಕೋರ್ಟಿಗೆ ಬಂದಿರದಿದ್ದರೆ, ಅವರ ಹೆಸರು ಬರೆದು ಕೌಂಟರಿನ ತಟ್ಟೆಯಲ್ಲಿ ಹಾಕಿ ಹೋಗಬಹುದು. ಅವರು ಸತ್ತು ಉಯಿಲು ಬಂದ ದಿನ ಗುಮಾಸ್ತರು ತಿಳಿಸುತ್ತಾರೆ. ಈ ಕಸುಬಿನವರಿಗೆ ಅದೊಂದು ಚಟ. ಸತ್ತವರ ಪಟ್ಟಿಯಲ್ಲಿ ಹೆಸರು ಸಿಗದಿದ್ದರೆ ಬದುಕಿರಬಹುದು ಎಂದು ಹೊಳೆಯುವುದೇ ಇಲ್ಲ. ಉಯಿಲು ತಡವಾಗಿದೆ ಎಂದುಕೊಂಡು ಚೀಟಿ ಹಾಕುತ್ತಾರೆ. ಅದೇ ಹೆಸರಿನ ಇನ್ನೊಬ್ಬರು ಅಡ್ಡ ಬರಬಾರದೆಂದು ಗೊತ್ತಿರುವುದನ್ನೆಲ್ಲ ಬರೆಯುತ್ತಾರೆ. ಹುಡುಕಮ್ಮನೂ ಬರೆದಿದ್ದಳು: ನರ್ಸು, ಇಂಥ ಗಿರಣಿ ಮನೆಯಲ್ಲಿದ್ದವಳು, ಇಂಥ ಉಯಿಲಿನ ಸಾಕ್ಷಿ, ಗಡಿಯಾರ ರಿಪೇರಿಯವರ ತಾಯಿಯ ವಿಚಾರಕ್ಕೆ ಬೇಕು, ಕೊನೆಗೆ ತನ್ನ ಫೋನ್ ನಂಬರು.

ಗಡಿಯಾರದವರು ತೀರಿಕೊಂಡ ಮರುದಿನವೇ ಫೋನು ಬಂತು. ಮುದುಕಿಯ ದನಿ. "ನಾನು ಸಾಯೋದನ್ನ ಕಾಯ್ತಾ ಇದ್ದೀಯಂತಲ್ಲಮ್ಮ?" ಎಂದು ನಕ್ಕಿತು. ಯಾರು ಹೇಳಿದರು ಎಂದರೆ, ಹಳೆಯ ಗೆಳತಿಯ ಮಗ ಕೋರ್ಟಿನಲ್ಲಿದ್ದಾನೆ ಎಂದು ಹೇಳಿ ಮನೆಯ ಗುರುತು ಕೊಟ್ಟಿತು. ಹುಡುಕಮ್ಮನಿಗೆ ನಾಚಿಕೆಯೂ ಆಯಿತು, ಸಂತೋಷವೂ ಆಯಿತು. ದಿನಬೆಳಗಾದರೆ ಸತ್ತವರ ಸಹವಾಸ, ಅಪರೂಪಕ್ಕೆ ಜೀವಂತ ಸಾಕ್ಷಿ ಸಿಕ್ಕಿದ್ದಳು. ಅದಕ್ಕಿಂತ ಹೆಚ್ಚು ಕೆದಕಲಿಲ್ಲ.

ಹೊರಡುವಾಗ ಗುಮಾಸ್ತರು ಇನ್ನೊಂದು ಮಾತು ಹೇಳಿದರು. ಗಿರಣಿಯ ಈಗಿನ ಯಜಮಾನ, ಗಡಿಯಾರದವರ ಸೋದರಮಾವನ ಮಗ, ಈಚೆಗೆ ಕೌಂಟರಿಗೆ ಬಂದು ನಿಂತು ಚೀಟಿ ತಟ್ಟೆ ಕೆದಕುತ್ತಿದ್ದನಂತೆ. ಇದೇನು ತರಕಾರಿ ಅಂಗಡಿಯೇ ಸ್ವಾಮಿ ಎಂದು ಇವರು ಗದರಿಸಿ ಕಳಿಸಿದರಂತೆ.

ಹುಡುಕಮ್ಮ ಕಡತ ಮುಚ್ಚಿ ಎದ್ದಳು. ನರ್ಸು ಬದುಕಿರುವುದು ಅವನಿಗೂ ಗೊತ್ತಾಗಿದ್ದರೆ, ಅವನಿಗಿಂತ ಮೊದಲು ತಾನು ಅಲ್ಲಿರಬೇಕು. ಹುಡುಗಿಯ ಕೈ ಹಿಡಿದು ಹೆಚ್ಚುಕಡಿಮೆ ಓಡಿದಳು.

*

ಮನೆ ನೀರಿನ ಟ್ಯಾಂಕಿನ ಹಿಂದಿನ ಸಂದಿಯಲ್ಲಿತ್ತು. ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳು. ಬಿಸಿಲು ಆ ಸಂದಿಗೆ ಇಣುಕಿ ನೋಡಿ ಹಾಗೇ ವಾಪಸು ಹೋದಂತಿತ್ತು. ಬಾಗಿಲು ಅರ್ಧ ತೆರೆದು, ಹಿಂದೆ ಮುಂದೆ ನೋಡಿ, ಮುದುಕಿ ಇಬ್ಬರನ್ನೂ ಒಳಗೆ ಕರೆದುಕೊಂಡು ಚಿಲಕ ಹಾಕಿದಳು.

ಒಳಗೆ ಫಿನಾಯಿಲಿನ ವಾಸನೆ. ಕಿಟಕಿಗಳೆಲ್ಲ ಮುಚ್ಚಿದ್ದವು. ಹಜಾರದ ಮೇಲೆ ಅಟ್ಟ, ಅಟ್ಟಕ್ಕೆ ಒರಗಿಸಿದ ಮರದ ಏಣಿ. ಹುಡುಗಿ ಏಣಿಯನ್ನು ಕಂಡವಳೇ ಅದಕ್ಕೆ ಬೆನ್ನು ಹಾಕಿ ಕುಳಿತಳು.

ಗೋಡೆಯ ಮೇಲೆ ಒಂದೇ ಫೋಟೋ. ಇಬ್ಬರು ಹುಡುಗಿಯರು, ಒಂದೇ ಅಚ್ಚಿನಲ್ಲಿ ತೆಗೆದ ಹಾಗೆ. ಒಬ್ಬಳಿಗೆ ಮಾತ್ರ ನರ್ಸಿನ ಬಿಳಿ ಟೋಪಿ.

"ಟೋಪಿ ಇರೋಳು ನಾನು. ಪಕ್ಕದವಳು ತಂಗಿ. ಹೋದ ತಿಂಗಳು ಹೋಗಿಬಿಟ್ಟಳು" ಎಂದಳು ಮುದುಕಿ. ದನಿಯಲ್ಲಿ ಅಳುವಿರಲಿಲ್ಲ. ಮನೆಗೆ ಬಂದವರಿಗೆಲ್ಲ ಹೇಳಿ ಹೇಳಿ ಸವೆದ ಮಾತಿರಬೇಕು ಎಂದು ಹುಡುಕಮ್ಮ ಮರುಗಿದಳು.

ಚಹಾ ಬಂತು. ಹುಡುಕಮ್ಮ ಲೋಟ ಮುಟ್ಟಲಿಲ್ಲ. ಸುತ್ತಿ ಬಳಸಿ ಮಾತಾಡುವುದು ಅವಳಿಗೆ ಬರುವುದೇ ಇಲ್ಲ.

"ನರ್ಸಮ್ಮ, ಆ ವಿಲ್ಲಿಗೆ ಪಿನ್ನು ಚುಚ್ಚಿದ್ದ ಕಾಗದ ಯಾವುದು?"

ಮುದುಕಿಯ ಕೈ ಸಕ್ಕರೆ ಡಬ್ಬಿಯ ಮೇಲೆ ನಿಂತಿತು. ಗೋಡೆ ಗಡಿಯಾರದ ಟಕ್‌ಟಕ್ ಅಷ್ಟು ಹೊತ್ತೂ ಇತ್ತೆಂದು ಆಗ ಗೊತ್ತಾಯಿತು.

"ನಿನಗೆ ಹೇಗೆ ಗೊತ್ತು?"

"ತೂತು ಹೇಳ್ತು."

ಮುದುಕಿ ಡಬ್ಬಿಯ ಮುಚ್ಚಳ ಒತ್ತಿ ಹಾಕಿದಳು. ಆಮೇಲೆ ಹೇಳಿದಳು. ಯಜಮಾನರು ಕೊನೆಕೊನೆಗೆ ಮಗಳ ಹೆಸರು ಹಿಡಿದು ಕೂಗುತ್ತಿದ್ದರಂತೆ. ಒಂದು ದಿನ ಡಾಕ್ಟರನ್ನು ಕರೆಸಿ ಇನ್ನೊಂದು ಹಾಳೆ ಬರೆಸಿದರು. ಅದರಲ್ಲಿ ಅರ್ಧ ಗಿರಣಿ ಮಗಳಿಗೆ, ಅವಳಿಲ್ಲದಿದ್ದರೆ ಅವಳ ಮಕ್ಕಳು ಮೊಮ್ಮಕ್ಕಳಿಗೆ. ಅದನ್ನು ಉಯಿಲಿಗೆ ಚುಚ್ಚಿ ದಿಂಬಿನಡಿ ಇಟ್ಟರು. ಉಸಿರು ನಿಂತ ಗಳಿಗೆಯಲ್ಲೇ ಹಿರಿಮಗ ಅದನ್ನು ಎಳೆದುಕೊಂಡ. ಪಿನ್ನು ಕಿತ್ತು ಹಲ್ಲಿನಲ್ಲಿ ಕಚ್ಚಿಕೊಂಡು, ಹಾಳೆಯನ್ನು ಮಡಿಸಿ ಜೇಬಿಗೆ ಹಾಕಿದ. ಪಿನ್ನು ಕಚ್ಚಿಕೊಂಡೇ, ನೀನೇನೂ ನೋಡಿಲ್ಲ ಅಲ್ವಾ ಎಂದನಂತೆ.

ಹುಡುಗಿ ಮುಖ ಮುಚ್ಚಿಕೊಂಡು ಅತ್ತಳು. ಅಪ್ಪ ಕೇಳಿದ್ದು ಒಂದೇ ಸಾಲು. ಇಲ್ಲಿ ಒಂದು ಹಾಳೆಯೇ ಇತ್ತು.

ಹುಡುಕಮ್ಮನಿಗೆ ಸಿಟ್ಟು ಬಂತು. "ಇಷ್ಟು ವರ್ಷ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ರಲ್ಲ, ನಿಮಗೆ ನಿದ್ದೆ ಬಂತಾ?"

"ಮನೆ ಮಾತು ಹೊರಗೆ ಹಾಕೋ ನರ್ಸಿಗೆ ಇನ್ನೊಂದು ಮನೇಲಿ ಕೆಲಸ ಸಿಗಲ್ಲಮ್ಮ." ಮುದುಕಿಯ ಕಣ್ಣು ಹುಡುಕಮ್ಮನ ಮೇಲೆ ನೆಟ್ಟಿತು. "ನನ್ನ ಕೇಳ್ತೀಯಲ್ಲ, ನೀನು? ತನ್ನ ಪಾಡಿಗೆ ತಾನು ಗಡಿಯಾರ ಬಿಚ್ಚಿಕೊಂಡು ಕೂತಿದ್ದ. ಆಸೆ ಹುಟ್ಟಿಸಿದ್ದು ಯಾರು? ಪಾಪ, ಏಣಿ ಹತ್ತಿದ್ರೆ ತಲೆ ಸುತ್ತೋ ಮನುಷ್ಯ."

ಆ ಮಾತು ನಾಟಿತು. ಈ ವಾರವಿಡೀ ಅವಳು ತನಗೆ ತಾನೇ ಹೇಳಿಕೊಳ್ಳುತ್ತಿದ್ದುದೂ ಅದೇ. ತಲೆ ತಗ್ಗಿಸಿ ಕುಳಿತವಳಿಗೆ ಬೇರೇನೂ ಕೇಳಿಸಲಿಲ್ಲ. ಗಡಿಯಾರದವರು ನಿಮ್ಮನ್ನು ನೋಡಲು ಬಂದಿದ್ದರೇ ಎಂದು ಸ್ವಲ್ಪ ಹೊತ್ತಿನ ಮೇಲೆ ಕೇಳಿದಾಗ, ಇಲ್ಲ, ತಾನು ಅವನ ಮುಖವನ್ನೇ ಕಂಡಿಲ್ಲ ಎಂದಳು ಮುದುಕಿ.

ಕಾಗದ ಸುಟ್ಟಿಲ್ಲ ಎಂದೂ ಹೇಳಿದಳು. ಎಲ್ಲಿದೆ ಎಂದರೆ, ಅವಸರ ಮಾಡಬೇಡ, ಗೋಡೆಗೂ ಕಿವಿ ಇದೆ ಎಂದಳು. ಸದ್ಯಕ್ಕೆ ಎರಡು ಸಾಲು ಬರೆದುಕೊಡಲು ಒಪ್ಪಿದಳು. ಹುಡುಕಮ್ಮ ತನ್ನ ಶಾಯಿ ಪೆನ್ನು ಕೊಟ್ಟಳು. ಮುದುಕಿ ಬಲಗೈಯಲ್ಲಿ ಪೆನ್ನು ಹಿಡಿದು, ಉಯಿಲಿನ ಜೊತೆ ಎರಡನೆಯ ಹಾಳೆ ಇತ್ತು, ಅದಕ್ಕೂ ನಾನು ಸಾಕ್ಷಿ ಹಾಕಿದ್ದೆ ಎಂದು ಬರೆದಳು. ಗುಂಡಗಿನ ಅಕ್ಷರದ ಸಹಿ. ಆ ಪೆನ್ನು ಕಾರುವ ಪೆನ್ನು, ಹುಡುಕಮ್ಮನ ಕೈಯಲ್ಲೇ ದಿನಕ್ಕೊಂದು ಕಲೆ ಮಾಡುತ್ತದೆ. ಮುದುಕಿಯ ಹಾಳೆ ಮಾತ್ರ ತೊಳೆದಿಟ್ಟ ತಟ್ಟೆಯ ಹಾಗೆ ಚೊಕ್ಕಟವಾಗಿತ್ತು.

ಈ ಸಹಿಯನ್ನು ಉಯಿಲಿನ ಸಹಿಯ ಪಕ್ಕ ಇಟ್ಟು ಗುಮಾಸ್ತರಿಂದ ದೃಢ ಮಾಡಿಸಿದರೆ ಪೊಲೀಸರ ಬಾಗಿಲು ತಟ್ಟಬಹುದು. ಆದರೆ ಹುಡುಗಿಯನ್ನು ಮತ್ತೆ ಬೀದಿಯಲ್ಲಿ ಕರೆದುಕೊಂಡು ಹೋಗಲು ಹುಡುಕಮ್ಮನಿಗೆ ಧೈರ್ಯ ಬರಲಿಲ್ಲ. ಬರುವಾಗ ಹಿಂದೆ ಒಂದು ಕಾರು ನಿಧಾನಕ್ಕೆ ಬರುತ್ತಿತ್ತೋ, ಅವಳಿಗೇ ಹಾಗೆ ಕಂಡಿತೋ.

"ಇಲ್ಲೇ ಬಿಟ್ಟು ಹೋಗು. ನನ್ನ ಮನೆ ಚಿಲಕ ಗಟ್ಟಿ" ಎಂದಳು ಮುದುಕಿ, ಹುಡುಗಿಯ ತಲೆ ಸವರುತ್ತ.

ಹುಡುಗಿಯೂ ಹೂಂ ಎಂದಳು. ತನ್ನ ಅಜ್ಜಿಯ ಹೆಸರು ಆ ಮನೆಯಲ್ಲಿ ಕೂಗಿದ್ದನ್ನು ಕಿವಿಯಾರೆ ಕೇಳಿದವರು ಸಿಕ್ಕಿದ್ದಾರೆ, ಇನ್ನಷ್ಟು ಕೇಳಬೇಕು ಎಂದಳು. ಹುಡುಕಮ್ಮನ ಬೆನ್ನ ಹಿಂದೆ ಒಳಗಿನಿಂದ ಚಿಲಕ ಬಿತ್ತು. ಆ ಸದ್ದು ಕೇಳಿ ಅವಳ ಎದೆ ಹಗುರವಾಯಿತು.

*

ಕೋಣೆ ಮುಚ್ಚುವ ಮೊದಲೇ ಹುಡುಕಮ್ಮ ತಲುಪಿದಳು. ಪೆನ್ನಿನ ಕ್ಲಿಪ್ಪನ್ನೂ ಬಿಡದೆ ಎಲ್ಲ ಬಟ್ಟಲಿಗೆ ಹಾಕಿ ಒಳಗೆ ಬಂದಳು. ಗುಮಾಸ್ತರು ಎರಡು ಸಹಿಗಳನ್ನೂ ಭೂತಗನ್ನಡಿಯ ಕೆಳಗೆ ಇಟ್ಟು ನೋಡಿದರು. ಒಂದೇ ಮೇಷ್ಟ್ರ ಹತ್ತಿರ ತಿದ್ದಿದ ಅಕ್ಷರ ಎಂದರು. ಹುಡುಕಮ್ಮ ಕುರ್ಚಿಗೆ ಒರಗಿ ಉಸಿರು ಬಿಟ್ಟಳು.

"ಅಂದ ಹಾಗೆ, ನಿಮ್ಮ ಚೀಟಿ ಹಣ್ಣಾಯ್ತು" ಎಂದರು ಗುಮಾಸ್ತರು.

ಅವಳು ಬರೆದಿದ್ದ ಕಾಯುವ ಚೀಟಿಯೇ ಅದು. ಮೇಲೆ ನೇರಳೆ ಮೊಹರು: ಉಯಿಲು ಬಂದಿದೆ. ಜೊತೆಗೆ ಒಂದು ಹಾಳೆ. ನರ್ಸಿನ ಹೆಸರು, ನೀರಿನ ಟ್ಯಾಂಕಿನ ಹಿಂದಿನ ಅದೇ ಮನೆ, ಸಾವು ಹೋದ ತಿಂಗಳು. ಅರ್ಜಿ ಹಾಕಿದವರು: ತಂಗಿ, ಆ ತಿಂಗಳಲ್ಲೇ.

ಹುಡುಕಮ್ಮ ಮೊದಲು ನಕ್ಕಳು. ಆ ಮನೆಯಲ್ಲಿ ಸತ್ತದ್ದು ತಂಗಿ, ನಿಮ್ಮವರು ಕಾಗದದ ಮೇಲೆ ಅಕ್ಕನನ್ನು ಕೊಂದಿದ್ದಾರೆ, ನರ್ಸಮ್ಮನ ಮನೆಯ ಚಹಾದ ಲೋಟ ಇನ್ನೂ ಬಿಸಿ ಇದೆ ಎಂದಳು.

ಗುಮಾಸ್ತರು ನಗಲಿಲ್ಲ. ಆಸ್ಪತ್ರೆಯ ಮರಣಪತ್ರ ನೋಡದೆ ತಾವು ಮೊಹರು ಒತ್ತುವುದಿಲ್ಲ, ಅದು ಕೈಗೆ ಬಂದದ್ದು ಇವತ್ತು ಮಧ್ಯಾಹ್ನ ಎಂದರು. ಹೇಳುತ್ತಲೇ ಅವಳಿಗೆ ಕೊಡಬೇಕಾದ ರಸೀದಿ ಬರೆಯತೊಡಗಿದರು. ಎಡಗೈಯಲ್ಲಿ. ಅವರು ಎಡಚರೆಂದು ವರ್ಷಗಳಿಂದ ನೋಡಿದ್ದೇ. ಪೆನ್ನು ಮುಂದೆ ಹೋದಂತೆ ಅಂಗೈಯ ಅಂಚು ಹಸಿ ಅಕ್ಷರದ ಮೇಲೆ ಹಿಂದೆಯೇ ತೆವಳಿತು. ಬರೆದ ದಿಕ್ಕಿನಲ್ಲೇ ನೀಲಿ ಮಸಿ.

ಹುಡು‌ಕಮ್ಮ ಆ ರಸೀದಿಯನ್ನು ನೋಡಿದಳು. ಉಯಿಲಿನ ಕೊನೆಯ ಸಹಿಯನ್ನು ನೋಡಿದಳು. ಆಮೇಲೆ ತಾನು ತಂದ ಚೊಕ್ಕಟ ಹಾಳೆಯನ್ನು ನೋಡಿದಳು.

ಅವಸರವಲ್ಲ, ಹೆದರಿಕೆಯಲ್ಲ. ಆ ನರ್ಸು ಎಡಚಿ. ಬಲಗೈಯಲ್ಲಿ ಬರೆದುಕೊಟ್ಟವಳು ಅವಳಲ್ಲ. ಅಕ್ಕನ ಸಾವನ್ನು ತನ್ನದೆಂದು ಹೇಳಿಕೊಂಡಿದ್ದಾಳೆ ತಂಗಿ, ಬೀದಿಯವರು ಬಾಯಿಬಿಟ್ಟರೂ ಒಂದು ಸಾವಿನ ಲೆಕ್ಕ ಸರಿಹೋಗುವ ಹಾಗೆ. ಅಕ್ಕ ಕಂಡದ್ದನ್ನೆಲ್ಲ ಅವಳು ಕೇಳಿ ತಿಳಿದಿದ್ದಾಳೆ. ಉಳಿದದ್ದನ್ನು, ಯಾರನ್ನು ಹುಡುಕುತ್ತಿದ್ದೇನೆ, ಯಾಕೆ ಹುಡುಕುತ್ತಿದ್ದೇನೆ ಎಂಬುದನ್ನು, ಹುಡುಕಮ್ಮನೇ ಚೀಟಿಯಲ್ಲಿ ಬರೆದು ತಟ್ಟೆಯಲ್ಲಿಟ್ಟು ಬಂದಿದ್ದಳು. ಗಿರಣಿಯವನು ಕೆದಕಿದ ತಟ್ಟೆಯಲ್ಲಿ. ಅದನ್ನೋದಿದ ಅವನು ತಂಗಿಯನ್ನು ಕೊಂಡುಕೊಂಡಿರಬೇಕು.

ಏಣಿ ಹತ್ತಿದರೆ ತಲೆ ಸುತ್ತೋ ಮನುಷ್ಯ.

ಅದು ಮಗಳಿಗೆ ಮಾತ್ರ ಗೊತ್ತಿದ್ದು, ಹುಡುಕಮ್ಮನಿಗೆ ಮಾತ್ರ ಹೇಳಿದ್ದ ವಿಷಯ. ಮಗಳು ಆ ಮನೆಯಲ್ಲಿ ಅದುವರೆಗೆ ಬಾಯಿ ಬಿಟ್ಟಿರಲಿಲ್ಲ. ಮುಖವನ್ನೇ ಕಾಣದವಳಿಗೆ ಅದು ಹೇಗೆ ಗೊತ್ತು? ಏಣಿ ಸ್ವಲ್ಪ ಹಿಡ್ಕೋತೀರಾ ಎಂದು ಆ ಸಂಕೋಚದ ಮನುಷ್ಯ ಕೇಳಿದ್ದರೆ ಮಾತ್ರ.

ಹುಡುಕಮ್ಮ ಅವಸರದಲ್ಲಿ ಒತ್ತಿದ ಫೋನು ಎರಡು ಸಲ ತಪ್ಪು ಹೆಸರಿಗೆ ಹೋಯಿತು. ಆ ಕೋಣೆಯಲ್ಲಿ ಫೋನು ಮಾಡಬಾರದು. ಗುಮಾಸ್ತರು ಅವಳ ಮುಖ ನೋಡಿ, ತಾವೇ ಎದ್ದು ಬಾಗಿಲು ಮುಚ್ಚಿದರು.

ಹುಡುಗಿ ಎತ್ತಿದಳು. ದನಿ ಗೆಲುವಾಗಿತ್ತು, ಅಪ್ಪ ಸತ್ತ ಮೇಲೆ ಮೊದಲ ಸಲ.

"ಅಕ್ಕಾ, ನಾನೇ ಮಾಡೋಣ ಅಂತಿದ್ದೆ. ಆ ಹಾಳೆ ಇಲ್ಲೇ ಇದೆಯಂತೆ, ಅಟ್ಟದ ಮೇಲೆ ತಗಡಿನ ಪೆಟ್ಟಿಗೇಲಿ. ನಮ್ಮಜ್ಜಿ ಹೆಸರು ಪೂರ್ತಿ ಬರೆದಿದೆಯಂತೆ."

"ಪುಟ್ಟಿ, ನನ್ನ ಮಾತು ಕೇಳು. ಎಲ್ಲಿದ್ದೀಯೋ ಅಲ್ಲಿಂದ ಇಳಿ. ಬಾಗಿಲು ತೆಗೆದು ಬೀದಿಗೆ ಬಾ."

ಆ ಕಡೆ ಮರ ಕಿರ್ರೆಂದಿತು. ಹುಡುಗಿ ಏದುಸಿರಿನ ನಡುವೆ ನಕ್ಕಳು.

"ಹೆದರಬೇಡಿ ಅಕ್ಕಾ, ಕೊನೇ ಮೆಟ್ಟಿಲಲ್ಲಿದ್ದೀನಿ. ಏಣಿ ಅಜ್ಜಿ ಹಿಡ್ಕೊಂಡಿದ್ದಾರೆ."